ಖಾಲಿ ಡಬ್ಬಿ ಕಳಿಸಬಾರದು

ನನ್ನದು ಅನುಮಾನದ ಜೀವ. ಹಾಲಿನವನು ಹಾಲು ಹಾಕುವಾಗ ಅವನ ಮುಖ ಬಿಟ್ಟು ಕೈ ನೋಡುತ್ತೇನೆ. ಯಾರಾದರೂ ಫೋನು ಮಾಡಿ ಸುಮ್ಮನೆ ಆರೋಗ್ಯ ವಿಚಾರಿಸಿದರೆ, ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂದು ಮಾತು ಮುಗಿಯುವವರೆಗೂ ಕಾಯುತ್ತೇನೆ. ಇದು ವಯಸ್ಸಿನಿಂದ ಬಂದದ್ದಲ್ಲ. ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವರಿಗೆ ಇಂಗ್ಲಿಷ್ ಗ್ರಾಮರಿನ ಜೊತೆಗೇ ಇದನ್ನೂ ಕಲಿಸಿ ಕಳಿಸುತ್ತಿದ್ದರು.

ಆದ್ದರಿಂದ ತಿಳವಳ್ಳಿಯ ಹುಡುಗಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಮ್ಮಾರ, ನಾವೊಂದು ಕ್ಲಬ್ ಮಾಡಬೇಕಂತ ಮಾಡೇವ್ರಿ, ನೀವು ನಮ್ಮ ಜೋಡಿ ಇರಬೇಕ್ರಿ" ಎಂದಾಗ ನನಗೆ ಮೊದಲು ಹೊಳೆದದ್ದು, ಇವಳನ್ನು ಯಾರು ಕಳಿಸಿದರು ಎಂಬುದೇ.

ಹೆಸರುಗಳನ್ನು ನಾನು ಬರೆಯುವುದಿಲ್ಲ. ನಮ್ಮ ಕಡೆ ಅಡ್ಡಹೆಸರುಗಳೆಲ್ಲ ಊರಿನವೇ ತಾನೆ. ಇಲ್ಲಿಯೂ ಊರಿನಿಂದಲೇ ಕರೆಯುತ್ತೇನೆ. ಶಿಗ್ಗಾಂವಿಯ ಆ ಸ್ಕೂಲಿನಿಂದ ನಾನು ರಿಟೈರ್ ಆಗಿ ಬಹಳ ವರ್ಷಗಳಾದವು. ಆದರೂ ಪಿಯುಸಿ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಹೋಗುತ್ತಿದ್ದೆ. ಮನೆಯಲ್ಲಿ ಕೂತರೆ ಮಂಡಿ ನೋಯುತ್ತದೆ, ಅಲ್ಲಿ ಕೂತರೆ ಅದೇ ನೋವು ಸ್ವಲ್ಪ ಮರೆಯುತ್ತದೆ.

"ಯಾವ ಕ್ಲಬ್? ಡ್ರಾಮಾದ್ದಾ?"

ಅವಳು ಹಿಂದೆ ಮುಂದೆ ನೋಡಿ, ಒಳಗೆ ಬಂದು, ದನಿ ತಗ್ಗಿಸಿ ನಾಲ್ಕು ಇಂಗ್ಲಿಷ್ ಅಕ್ಷರ ಹೇಳಿದಳು. ಎಲ್, ಜಿ, ಬಿ, ಟಿ. ನನ್ನ ಕ್ಲಾಸಿನಲ್ಲಿ ಅವಳು ಎಂದೂ ಅಷ್ಟು ಕ್ಲಿಯರ್ ಆಗಿ ಉಚ್ಚರಿಸಿರಲಿಲ್ಲ.

"ಇದನ್ನೆಲ್ಲಿ ಕಲತಿ?"

"ಫೋನಿನ್ಯಾಗ ನೋಡೇನ್ರಿ. ದೊಡ್ಡ ಊರಾಗಿನ ಸ್ಕೂಲಿನ್ಯಾಗ ಇರತಾವಂತ. ಅಂಥಾ ಹುಡುಗ್ರು ಒಬ್ಬೊಬ್ಬರ ಕುಂದರಬಾರದು, ಜೋಡಿ ಯಾರರ ಇರಬೇಕು ಅಂತ."

"ನಿನಗ್ಯಾಕ ಬೇಕಾತು?"

"ನನಗಲ್ರಿ," ಎಂದಳು, ತೀರ ಬೇಗ. "ಹಿರೇಕೆರೂರಾಂವನ ಸಲುವಾಗಿ."

ಹಿರೇಕೆರೂರಿನ ಹುಡುಗ ನನಗೂ ಗೊತ್ತಿದ್ದವನು. ಮೆತ್ತಗಿನ ದನಿ, ಮಾತಾಡುವಾಗ ಅಂಗೈ ಮೇಲೆ ಮಾಡಿ ಏನನ್ನೋ ತೂಗುವವನಂತೆ ಮಾತಾಡುತ್ತಿದ್ದ. ಹಾಜರಿ ಕರೆಯುವಾಗ ಅವನ ನಂಬರು ಬಂದರೆ ಹಿಂದಿನ ಬೆಂಚುಗಳಿಂದ ನಾಲ್ಕೈದು ಗಂಡುದನಿ ಸಣ್ಣಗೆ ಮಾಡಿಕೊಂಡು "ಬಂದೇನ್ರೀ..." ಎಂದು ರಾಗ ಎಳೆಯುತ್ತಿದ್ದವು. ಅವನ ಊರಿನ ಕಾಲೇಜಿನಲ್ಲೂ ಇದೇ ಕಥೆಯಾಗಿ, ಅಲ್ಲಿಂದ ಬಿಡಿಸಿ ಇಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಇಟ್ಟಿದ್ದರು. ಅಪ್ಪನದು ಗೋವಿನಜೋಳದ ವ್ಯಾಪಾರ. ಬಿಟ್ಟು ಹೋಗುವಾಗ ಮಗನಿಗೆ ಹೇಳಿದ್ದು ಒಂದೇ ಮಾತಂತೆ: "ಇನ್ನೊಂದು ಸುದ್ದಿ ನನ್ನ ಕಿವೀಗೆ ಬಿದ್ರ ಪುಸ್ತಕಾ ಕಟ್ಟಿಸಿ ಅಂಗಡ್ಯಾಗ ಕುಂದರಸ್ತೇನಿ." ಈಗ ಹುಡುಗ ಕ್ಲಾಸಿಗೆ ಬರುವುದನ್ನೇ ಬಿಡತೊಡಗಿದ್ದ. ಬಾರದಿದ್ದರೆ ಅಟೆಂಡೆನ್ಸ್ ಕಡಿಮೆಯಾಗಿ ಅಪ್ಪನಿಗೆ ಸುದ್ದಿ ಹೋಗುತ್ತದೆ. ಬಂದರೆ ಆ ರಾಗ. ಸೆಕೆಂಡ್ ಪಿಯುಸಿ ಪರೀಕ್ಷೆ ಬರೆಯುವವರೆಗೆ ಅವನನ್ನು ಹೇಗಾದರೂ ಮಾಡಿ ಶಿಗ್ಗಾಂವಿಯಲ್ಲಿ ಉಳಿಸಿಕೊಳ್ಳಬೇಕು, ಅದು ತಿಳವಳ್ಳಿಯವಳ ಲೆಕ್ಕಾಚಾರ.

"ಅಲ್ಲವಾ, ಕ್ಲಬ್ ಅಂತ ಬೋರ್ಡ್ ಹಚ್ಚಿದ್ರ ಅವರಪ್ಪಗ ನಾವ ತಂತಿ ಕಳಿಸಿದಂಗ ಆಗೂದಿಲ್ಲೇನ?"

"ಅದಕ್ಕ ನಿಮ್ಮ ಕಡೆ ಬಂದೇನ್ರಿ. ನೀವು ಕುಂತ್ರ ಯಾರಿಗೂ ಅನುಮಾನ ಬರೂದಿಲ್ರಿ."

ಯಾರ ಅನುಮಾನಕ್ಕೂ ಬಾರದಷ್ಟು ಮುದುಕಿಯಾದೆನಲ್ಲ ಎಂದು ಒಂದು ಕ್ಷಣ ಬೇಜಾರಾಯಿತು.

ನಮ್ಮ ಬೋರ್ಡಿಂಗಿನಲ್ಲಿ ಒಂದು ರೂಲ್ ಇತ್ತು. ಸಂಜೆ ಕಾಂಪೌಂಡಿನಲ್ಲಿ ವಾಕ್ ಹೋಗುವಾಗ ಇಬ್ಬರೇ ಹೋಗಕೂಡದು. "ನೆವರ್ ಇನ್ ಟೂಸ್, ಗರ್ಲ್ಸ್. ಆಲ್ವೇಸ್ ಇನ್ ಥ್ರೀಸ್," ಎನ್ನುತ್ತಿದ್ದರು ಸಿಸ್ಟರ್. ಮೂರನೆಯವಳು ಕಿವಿ ನೆಟ್ಟಗೆ ಮಾಡಿಕೊಂಡೇ ನಡೆಯುತ್ತಿದ್ದಳು; ಅವಳಿದ್ದದ್ದೇ ಅದಕ್ಕೆ. ನನಗೊಬ್ಬ ಗೆಳತಿ ಇದ್ದಳು, ಹಾನಗಲ್ಲಿನವಳು. ಬ್ರೆಡ್ಡಿನ ಅಂಚು ನನಗೆ ಇಷ್ಟವೆಂದು ತನ್ನದನ್ನೂ ಮುರಿದು ನನ್ನ ತಟ್ಟೆಗೆ ಇಡುತ್ತಿದ್ದಳು. ಅದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. ಅಥವಾ ಇತ್ತೋ ಏನೋ. ಅದಕ್ಕೊಂದು ಹೆಸರಿದೆ ಎಂದು ನಮಗೆ ಗೊತ್ತಿರಲಿಲ್ಲ, ಸಿಸ್ಟರಿಗೆ ಗೊತ್ತಿತ್ತು. 'ಪರ್ಟಿಕ್ಯುಲರ್ ಫ್ರೆಂಡ್‌ಶಿಪ್' ಎಂದರು. ರಜೆ ಮುಗಿಸಿ ಬಂದಾಗ ಅವಳ ಹಾಸಿಗೆ ಬೇರೆ ಡಾರ್ಮಿಟರಿಗೆ ಹೋಗಿತ್ತು. ಮುಂದಿನ ವರ್ಷ ಅವಳೇ ಬರಲಿಲ್ಲ. ಈಗಲೂ ಬಸ್ಸು ಹಾನಗಲ್ಲಿನಲ್ಲಿ ನಿಂತರೆ ನಾನು ಕಿಟಕಿಯಿಂದ ಮುದುಕಿಯರ ಮುಖ ನೋಡುತ್ತೇನೆ. ಎದುರಿಗೇ ಬಂದರೂ ಗುರುತು ಸಿಗಲಿಕ್ಕಿಲ್ಲ.

ತಿಳವಳ್ಳಿಯವಳಿಗೆ ಇದನ್ನೇನೂ ಹೇಳಲಿಲ್ಲ. "ನಡಿ, ಪ್ರಿನ್ಸಿಪಾಲರನ್ನ ಕೇಳೋಣು," ಎಂದೆ.

ಪ್ರಿನ್ಸಿಪಾಲ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯೇ. ಮೂರನೇ ಬೆಂಚು, ಅಳುಬುರುಕ. ಈಗ ಊಟವಾದ ಮೇಲೆ ಎಲೆ ಹಾಕಿಕೊಂಡು, ಕೆನ್ನೆ ಉಬ್ಬಿಸಿ, ದೊಡ್ಡ ಕುರ್ಚಿಯಲ್ಲಿ ಕೂರುತ್ತಾನೆ.

"ಎಲ್ ಅಂದ್ರ ಏನ್ರಿ ಮೇಡಮ್ಮಾರ?"

ಹೇಳಿದೆ.

"ಜಿ?"

ಹೇಳಿದೆ. ಬಿ ಹೇಳುವಷ್ಟರಲ್ಲಿ ಅವನು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ. ಟಿ ಕೇಳಲೇ ಇಲ್ಲ.

"ನಮ್ಮ ಸ್ಕೂಲಿನ್ಯಾಗ ಅಂಥಾವ್ರು ಯಾರೂ ಇಲ್ರಿ."

"ಇದ್ರ?"

"ಇದ್ರ ಹೆಸರು ಹೇಳ್ರಿ. ಕರಿಸಿ ನಾಕು ಬುದ್ಧಿಮಾತು ಹೇಳ್ತೇನಿ."

"ಅದಕ್ಕ ಹೇಳೂದಿಲ್ಲ," ಎಂದೆ.

ಅವನು ನನ್ನನ್ನು ನೋಡಿದ, ಹುಡುಗಿಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಇವರಿಬ್ಬರಲ್ಲಿ ಯಾರು ಯಾರ ತಲೆ ಕೆಡಿಸಿದ್ದಾರೆ ಎಂದು ಅಳೆಯುವ ನೋಟ. ಆಗ ತಿಳವಳ್ಳಿಯವಳು ಬಾಯಿ ಬಿಟ್ಟಳು.

"ಸರ್, ಮಂಗಳವಾರ ಜೋಗಪ್ಪ ಬಂದ್ರ ನಿಮ್ಮ ಅವ್ವಾರು ಮೊರದಾಗ ಜ್ವಾಳಾ ತಂದು ನೀಡಿ ಕಾಲು ಮುಗೀತಾರಲ್ರಿ. ನಿಮ್ಮ ಓಣ್ಯಾಗ ನಮ್ಮ ರೂಮು, ನಾ ನೋಡೇನ್ರಿ."

ಗಂಡಾಗಿ ಹುಟ್ಟಿ, ಸೀರೆಯುಟ್ಟು, ತಲೆಯ ಮೇಲೆ ದೇವಿಯ ಕೊಡ ಹೊತ್ತು ಬರುವ ಜೋಗಪ್ಪನಿಗೆ ಕೈ ಮುಗಿಯದ ಮನೆ ನಮ್ಮ ಕಡೆ ಕಡಿಮೆ.

"ಅದು ದೇವರ ಮಾತವಾ ತಂಗಿ. ಅದು ಬ್ಯಾರೆ."

"ಅವರೂ ಒಂದ ಕಾಲಕ್ಕ ಸಾಲಿಗೆ ಹೋಗೂ ಹುಡುಗ್ರ ಇದ್ರಲ್ರಿ ಸರ್."

ಅವನು ಎಲೆ ಅಗಿಯುವುದನ್ನು ನಿಲ್ಲಿಸಿದ. ಈ ಮಾತನ್ನು ನಾನೇ ಹೇಳಿಕೊಟ್ಟು ಕರೆತಂದಿದ್ದೇನೆ ಎಂದು ಅವನಿಗೆ ಖಾತ್ರಿಯಾಗಿತ್ತು. ದೇವರಾಣೆ, ನಾನು ಹೇಳಿಕೊಟ್ಟಿರಲಿಲ್ಲ. ಕಡೆಗೆ ಅಪ್ಪಣೆ ಸಿಕ್ಕಿತು. ಊಟದ ಹೊತ್ತಿಗೆ ಕ್ರಾಫ್ಟ್ ರೂಮಿನಲ್ಲಿ ಕೂಡಬಹುದು. ಬೋರ್ಡ್ ಬೇಡ, ಹೆಸರು ಬೇಡ, ಫೋಟೋ ಬೇಡ, ವಾಟ್ಸ್ಆ್ಯಪ್ ಗ್ರೂಪ್ ಅಂತೂ ಬೇಡವೇ ಬೇಡ. ಮೇಡಂ ಇರಲೇಬೇಕು. "ಯಾರರ ಕೇಳಿದ್ರ ಬುತ್ತಿ ಉಣ್ಣಾಕ ಕುಂತೇವಿ ಅನ್ರಿ," ಎಂದ.

ಬುತ್ತಿ ಎಂದು ಅವನು ತನಗೇ ತಿಳಿಯದೆ ಒಳ್ಳೆಯ ದಾರಿ ತೋರಿಸಿದ್ದ. ನಮ್ಮ ಭಾಗದಲ್ಲಿ ಊರು ಬಿಟ್ಟು ಓದುವ ಮಕ್ಕಳಿಗೆ ಮನೆಯಿಂದ ಬಸ್ಸಿನ ಮೇಲೆ ಬುತ್ತಿ ಬರುತ್ತದೆ. ಹಿರೇಕೆರೂರಿನಿಂದ ತಿಳವಳ್ಳಿ, ಹಾನಗಲ್ಲು ಹಾದು ಬರುವ ಬೆಳಗಿನ ಬಸ್ಸಿನಲ್ಲಿ ಡ್ರೈವರನ ಹಿಂದೆ ಅರಿವೆಯಲ್ಲಿ ಕಟ್ಟಿದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಮಕ್ಕಳು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಾರೆ. ಮಧ್ಯಾಹ್ನ ತಿರುಗಿ ಹೋಗುವ ಬಸ್ಸಿಗೆ ಡಬ್ಬಿ ವಾಪಸು. ರೊಟ್ಟಿಯ ಸಂಖ್ಯೆ ನೋಡಿಯೇ ಅವ್ವನ ಮನಸ್ಸು ಹೇಗಿದೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಡಬ್ಬಿ ಬಾರದ ದಿನ ಏನೋ ಆಗಿದೆ ಎಂದರ್ಥ.

ಹೀಗೆ ಕ್ಲಬ್ ಶುರುವಾಯಿತು. ಆರೇಳು ಮಕ್ಕಳು, ಹಳೆಯ ಜಮಖಾನೆ, ನಡುವೆ ಎಲ್ಲರ ಡಬ್ಬಿ. ತಿಳವಳ್ಳಿಯವಳು ಒಂದೇ ನಿಯಮ ಹಾಕಿದಳು: ಇಲ್ಲಿ ಯಾರೂ ಯಾರನ್ನೂ 'ನೀ ಅಂಥಾಂವೇನು' ಎಂದು ಕೇಳುವಂತಿಲ್ಲ. ಹಿರೇಕೆರೂರಿನವನು ಮೊದಲ ದಿನ ಬಾಗಿಲ ಹತ್ತಿರವೇ ಕೂತ, ಎದ್ದು ಓಡಲು ಅನುಕೂಲವಾಗಲಿ ಎಂಬಂತೆ. ಅವನಿಗೆ ನಮ್ಮೆಲ್ಲರ ಮೇಲೂ ಅನುಮಾನ. ಆ ಒಂದು ವಿಷಯದಲ್ಲಿ ನನಗೂ ಅವನಿಗೂ ತಕ್ಷಣ ಜೊತೆಯಾಯಿತು.

ಕೆಲವು ವಾರಗಳಾದ ಮೇಲೆ ಸವಣೂರಿನವನು ಬಂದು ಕೂತ. ಅವನು ಬುತ್ತಿಯ ಹುಡುಗನಲ್ಲ, ದಿನವೂ ಸವಣೂರಿನಿಂದ ಬಸ್ಸಿಗೆ ಬಂದು ಹೋಗುವವನು. ಬಾಯಿ ಮುಚ್ಚುವವನಲ್ಲ.

"ಮೇಡಮ್ಮಾರ, ನಾ ಯಾವ ಅಕ್ಷರಕ್ಕೂ ಅರ್ಜಿ ಹಾಕಿಲ್ರಿ. ರೊಟ್ಟೀ ಸಲುವಾಗಿ ಬಂದೇನಿ."

"ಕೈ ತೊಳಕೊಂಡು ಬಾರೋ ಮೊದಲ," ಎಂದಳು ತಿಳವಳ್ಳಿಯವಳು.

"ನಿನ್ನ ಪಲ್ಯಾ ತಿಂದ ಮ್ಯಾಲೆ ಹೆಂಗಿದ್ರೂ ಕೈ ತೊಳಕೋಬೇಕು ಬಿಡು, ಈಗ್ಯಾಕ ಎರಡ ಸಲ?"

ಹಿರೇಕೆರೂರಿನವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ವಾರವೇ ಹಾಜರಿಯಲ್ಲಿ ಅವನ ನಂಬರು ಬಂದಾಗ, ಹಿಂದಿನ ಬೆಂಚಿನವರು ರಾಗ ಎಳೆಯುವ ಮೊದಲೇ ಸವಣೂರಿನವನು ಎದ್ದು ಗಡುಸು ದನಿಯಲ್ಲಿ, "ಬಂದಾನ್ರಿ ಸರ್, ಊಟಾನೂ ತಂದಾನ್ರಿ," ಎಂದು ಕೂಗಿದನಂತೆ. ಇಡೀ ಕ್ಲಾಸು ನಕ್ಕಿತು, ಆದರೆ ಆ ನಗು ಬೇರೆ. ಹಿರೇಕೆರೂರಿನವನು ಮತ್ತೆ ದಿನವೂ ಬರತೊಡಗಿದ.

ಇಷ್ಟು ಸುಸೂತ್ರವಾಗಿ ನಡೆದರೆ ನನಗೆ ನಿದ್ದೆ ಬರುವುದಿಲ್ಲ. ರೊಟ್ಟಿಗೆ ಬಂದೆ ಎನ್ನುವವನು ಯಾಕೆ ಬಂದ? ಅದೂ ಅಲ್ಲದೆ, ಊಟ ಮುಗಿದ ಕೂಡಲೇ ಅವನು ಅಂಗಿಯ ಜೇಬಿನಲ್ಲಿ ಏನೋ ಪೊಟ್ಟಣ ಹಿಡಿದುಕೊಂಡು ನೆಟ್ಟಗೆ ಪ್ರಿನ್ಸಿಪಾಲನ ಚೇಂಬರಿಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಒಂದು ದಿನ ಅಲ್ಲ, ದಿನವೂ. ಒಳಗೆ ಹೋಗಿ, ನಗುತ್ತ ಹೊರಗೆ ಬರುತ್ತಿದ್ದ. ಬೋರ್ಡಿಂಗಿನಲ್ಲಿ ನಮ್ಮ ಮೂರನೆಯವಳೂ ಹೀಗೆಯೇ ಸಿಸ್ಟರ ರೂಮಿನಿಂದ ನಗುತ್ತ ಹೊರಗೆ ಬರುತ್ತಿದ್ದಳು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಕ್ರಾಫ್ಟ್ ರೂಮಿನ ಬಾಗಿಲ ಮೇಲೆ ಯಾರೋ ಚಾಕ್‌ಪೀಸಿನಲ್ಲಿ 'ಹೆಣ್ಣಿಗರ ಸಂಘ' ಎಂದು ದೊಡ್ಡದಾಗಿ ಬರೆದಿದ್ದರು.

"ಬೋರ್ಡ್ ಬ್ಯಾಡ ಅಂದಿದ್ನೆಲ್ರಿ ಮೇಡಮ್ಮಾರ," ಎಂದ ಪ್ರಿನ್ಸಿಪಾಲ, ಹಣೆ ಒರೆಸಿಕೊಳ್ಳುತ್ತ. "ಈಗ ನೋಡ್ರಿ, ಮಂದೀನ ಬರದು ಕೊಟ್ರು. ಇದು ಪೇರೆಂಟ್ಸ್ ತನಕಾ ಹೋದ್ರ ಮುಗೀತು."

ತಿಳವಳ್ಳಿಯವಳು ಹಸಿ ಬಟ್ಟೆಯಿಂದ ಒರೆಸಿದಳು. ಒರೆಸಿದ ಮೇಲೂ ಬಾಗಿಲಿನ ಹಳೆಯ ಬಣ್ಣದ ಮೇಲೆ ಅಕ್ಷರದ ನೆರಳು ಉಳಿದಿತ್ತು.

"ನನಗ ಸವಣೂರಾಂವನ ಮ್ಯಾಲೆ ಡೌಟ್ ಐತಿ," ಎಂದೆ ಅವಳಿಗೆ.

"ನಿಮಗ ಯಾರ ಮ್ಯಾಲೆ ಡೌಟ್ ಇಲ್ರಿ ಮೇಡಮ್ಮಾರ?" ಎಂದಳು ಅವಳು, ಬಟ್ಟೆ ಹಿಂಡುತ್ತ. "ನನ್ನ ಮ್ಯಾಲೂ ಇತ್ತು. ಹೌದಲ್ರಿ?"

ನಾನು ಬಕೆಟ್ಟಿನ ನೀರು ಚೆಲ್ಲಲು ಹೋದೆ.

ಇನ್ನೊಂದು ಮಾತು ಹೇಳಲೇಬೇಕು, ಮುಂದಿನದಕ್ಕೆಲ್ಲ ಅದೇ ಮೂಲ. ಬೇರೆ ಮನೆಯಿಂದ ಬಂದ ಪಾತ್ರೆಯನ್ನು ನಮ್ಮಲ್ಲಿ ಖಾಲಿ ಕಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯೋ, ಹಿಡಿ ಶೇಂಗಾವೋ, ಏನಾದರೂ ಹಾಕಿಯೇ ಕೊಡಬೇಕು. ಈ ಮಕ್ಕಳು ಮೊಬೈಲಿನಲ್ಲಿ ಏನೆಲ್ಲ ಕಲಿತಿದ್ದರೂ ಈ ಪದ್ಧತಿ ಮಾತ್ರ ಬಿಟ್ಟಿರಲಿಲ್ಲ. ಒಬ್ಬರ ಬುತ್ತಿ ಇನ್ನೊಬ್ಬರು ಉಂಡ ಮೇಲೆ ಆ ಡಬ್ಬಿ ಖಾಲಿ ಹೋಗಬಾರದು ಎಂದು ಒಬ್ಬರ ಡಬ್ಬಿಗೆ ಇನ್ನೊಬ್ಬರು ಚೂರು ಚಟ್ನಿ, ಬೆಲ್ಲ, ಏನೋ ಹಾಕಿ ಮಧ್ಯಾಹ್ನದ ಬಸ್ಸಿಗೆ ಇಡುತ್ತಿದ್ದರು. ಹಿರೇಕೆರೂರಿನವನ ಡಬ್ಬಿಯಲ್ಲಿ ಯಾರು ಏನು ಹಾಕುತ್ತಾರೆಂದು ನಾನು ನೋಡಲು ಹೋಗಲಿಲ್ಲ. ನೋಡಬೇಕಾದ್ದನ್ನು ಬಿಟ್ಟು ಕಿಟಕಿ ನೋಡುತ್ತ ಕೂತಿದ್ದೆ.

ಒಂದು ದಿನ ಊಟದ ಹೊತ್ತಿಗಿಂತ ಮುಂಚೆ ಪ್ಯೂನ್ ಓಡಿ ಬಂದ. "ಮೇಡಮ್ಮಾರ, ಸರ್ ಕರೀತಾರ. ಹಿರೇಕೆರೂರ ಹುಡುಗನ ತಾಯಿ ಬಂದಾರ್ರಿ."

ಮುಗಿಯಿತು ಎಂದುಕೊಂಡೆ. ಬಾಗಿಲ ಮೇಲಿನ ಆ ಚಾಕ್ ಅಕ್ಷರ ಹಿರೇಕೆರೂರು ಮುಟ್ಟಿದೆ. ಇನ್ನು ಪುಸ್ತಕ ಕಟ್ಟಿಸುವುದೊಂದೇ ಬಾಕಿ.

ಚೇಂಬರಿನಲ್ಲಿ ಆ ತಾಯಿ ನಿಂತೇ ಇದ್ದಳು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು, ಎಲೆ ತಿಂದು ಕೆಂಪಾದ ತುಟಿ. ಒಂದು ಕೈಯಲ್ಲಿ ಫ್ರೀ ಬಸ್ಸಿಗೆ ತೋರಿಸಿದ ಆಧಾರ್ ಕಾರ್ಡು ಇನ್ನೂ ಹಾಗೆಯೇ ಇತ್ತು, ಇನ್ನೊಂದು ಕೈಯಲ್ಲಿ ಮಗನ ಬುತ್ತಿಯ ಡಬ್ಬಿ.

"ಕುಂದರ್ರಿ ಅವ್ವಾರ," ಎಂದ ಪ್ರಿನ್ಸಿಪಾಲ.

"ಕುಂದರಾಕ ಬಂದಿಲ್ರಿ ಸಾಹೇಬ್ರ," ಎಂದು ಅವಳು ಡಬ್ಬಿಯನ್ನು ಟೇಬಲ್ ಮೇಲೆ ಇಟ್ಟು ಮುಚ್ಚಳ ತೆಗೆದಳು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದ ಎಲೆ. ಎಳೆಯವು, ತೆಳ್ಳಗಿನವು, ಬಾಡದಂತೆ ನೀಟಾಗಿ ಜೋಡಿಸಿದ್ದವು.

"ಇದು ಯಾರ ಮನೀದ್ರಿ?"

ನಾವಿಬ್ಬರೂ ಡಬ್ಬಿ ನೋಡಿದೆವು.

"ಮೊದಲ ಚಟ್ನಿ ಬರ್ತಿತ್ತು, ಬೆಲ್ಲಾ ಬರ್ತಿತ್ತು. ಹುಡುಗ್ರು ಹಂಚಕೊಂಡು ಉಂತಾವ ಅಂತ ಸುಮ್ಮನಿದ್ದೆ. ಈಗ ಎಲಿ ಬರಾಕತ್ತಾವ. ನಮ್ಮ ಮಂದ್ಯಾಗ ಹೆಣ್ಣಿನ ಕಡೆಯವ್ರು ಮಾತು ಹಚ್ಚೂದ ಎಲಿಯಿಂದರಿ. ಒಂದ ದಿನ ಬಂದ್ರ ಹುಡುಗಾಟ ಅನ್ನಬೌದು. ದಿನಾ ಬಂದ್ರ? ಯಾವ ಮನೀ ಹೆಣ್ಣು ಅದು? ನನಗ ತೋರಸ್ರಿ."

ಕ್ಲಬ್ಬಿನ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ. ಮಗನಿಗೆ ಯಾವುದೋ ಹುಡುಗಿ ಗಂಟು ಬಿದ್ದಿದ್ದಾಳೆ ಎಂದು ಬಂದಿದ್ದಾಳೆ. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಹುಡುಗಿಯ ಸುದ್ದಿಯಾದರೂ ಮಗನನ್ನು ಅಂಗಡಿಯಲ್ಲಿ ಕೂರಿಸಲು ಆ ಅಪ್ಪನಿಗೆ ಸಾಕು.

"ಸ್ಕೂಲಿನ್ಯಾಗ ಅಂಥಾದ್ದೇನೂ ನಡಿಯೂದಿಲ್ರಿ ಅವ್ವಾರ," ಎನ್ನುತ್ತ ಪ್ರಿನ್ಸಿಪಾಲ ಬಗ್ಗಿ ಎಲೆ ನೋಡಿದ. "ಇದು ಸವಣೂರ..." ಎಂದು ಶುರು ಮಾಡಿ, ನಿಂತುಬಿಟ್ಟ. ಅವನ ಟೇಬಲ್ಲಿನ ಮೂಲೆಯಲ್ಲಿ ಅಂಥದ್ದೇ ಒದ್ದೆ ಬಟ್ಟೆಯ ಪೊಟ್ಟಣ ಇತ್ತು. ನಾನೂ ಅದನ್ನು ನೋಡಿದೆ. ಸವಣೂರಿನವನ ಮನೆಯಲ್ಲಿ ಎಲೆಬಳ್ಳಿಯ ತೋಟವಿದೆ ಎಂದು ಎಂದೋ ಕೇಳಿದ್ದು ಆಗ ನೆನಪಾಯಿತು. ಹುಡುಗ ದಿನವೂ ಚೇಂಬರಿಗೆ ಒಯ್ಯುತ್ತಿದ್ದದ್ದು ಸುದ್ದಿಯನ್ನಲ್ಲ, ಎಲೆಯನ್ನು. ನನ್ನ ಸಿ.ಐ.ಡಿ. ಕೆಲಸ ಅಲ್ಲಿಗೆ ಮುಗಿಯಿತು.

"ಸವಣೂರ ಎಲಿ ಎಲ್ಲಾ ಕಡೆ ಸಿಗತೈತ್ರಿ," ಎಂದು ಪ್ರಿನ್ಸಿಪಾಲ ಮಾತು ಮುಗಿಸಿ, ತನ್ನ ಪೊಟ್ಟಣದ ಮೇಲೆ ಮೆಲ್ಲಗೆ ಒಂದು ಫೈಲು ಎಳೆದ. ಮೂರನೇ ಬೆಂಚಿನ ಆ ಅಳುಬುರುಕನ ಮೇಲೆ ನನಗೆ ಆ ದಿನ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ತಾಯಿ ಬಿಡುವ ಹಾಗಿರಲಿಲ್ಲ. ಕ್ರಾಫ್ಟ್ ರೂಮಿಗೆ ಕರೆದುಕೊಂಡು ಹೋದೆ. ಮಕ್ಕಳು ಡಬ್ಬಿ ಬಿಚ್ಚುತ್ತಿದ್ದರು. ಅವ್ವನನ್ನು ನೋಡಿದ ಕೂಡಲೇ ಹಿರೇಕೆರೂರಿನವನು ಗೋಡೆಗೆ ಒತ್ತಿ ಕೂತ. ಅವಳು ಡಬ್ಬಿ ಎತ್ತಿ ಹಿಡಿದು, "ಇದರಾಗ ಎಲಿ ಇಟ್ಟಾವ್ರು ಯಾರವಾ?" ಎಂದಳು. ಅವಳ ಕಣ್ಣು ಹುಡುಗಿಯರ ಮೇಲಷ್ಟೇ ಓಡಾಡಿತು. ಹುಡುಗರ ಕಡೆ ತಿರುಗಿಯೂ ನೋಡಲಿಲ್ಲ.

"ನಾನ್ರಿ," ಎಂದಳು ತಿಳವಳ್ಳಿಯವಳು.

ತಾಯಿ ಅವಳ ಮುಂದೆ ಕೂತಳು. ಯಾವ ಊರು, ಯಾವ ಮನೆತನ, ಅಪ್ಪ ಏನು ಮಾಡುತ್ತಾನೆ ಎಂದು ಕೇಳಿದಳು. ಹುಡುಗಿ ಒಂದನ್ನೂ ಮುಚ್ಚಿಡಲಿಲ್ಲ. ಅವರದು ಬುದ್ಧನ ಫೋಟೋ ಇಟ್ಟು ದೀಪ ಹಚ್ಚುವ ಮನೆ, ಅಪ್ಪ ಬೇರೆಯವರ ಗದ್ದೆಗೆ ಕೂಲಿಗೆ ಹೋಗುವವನು. ಕೇಳುತ್ತ ಕೇಳುತ್ತ ತಾಯಿಯ ಹುಬ್ಬು ಕೂಡಿದವು. ಈಗ ಎದ್ದು ಬೈಯುತ್ತಾಳೆ, ಡಬ್ಬಿ ಬಿಸಾಡುತ್ತಾಳೆ ಎಂದು ನಾನು ಕಾದೆ. ಅವಳು ಒಂದು ಉಸಿರು ಬಿಟ್ಟು, "ಇರ್ಲಿ," ಎಂದಳು. ಮಾತು ಕೂಡ ಅಲ್ಲ, ಗೊಣಗು. ಆಮೇಲೆ ಒದ್ದೆ ಬಟ್ಟೆ ಬಿಚ್ಚಿ ಎಲೆಗಳನ್ನು ಜಮಖಾನೆಯ ಮೇಲೆ ಹರಡಿದಳು.

"ನಾ ಹಿಂಗ ಕಟ್ಟಿದ ಎಲಿ ನೋಡಿಲ್ಲವಾ. ಮೂರ ದಿನಾ ಇಟ್ರೂ ಬಾಡಲಿಲ್ಲ. ಇನ್ನೊಮ್ಮೆ ಕಟ್ಟಿ ತೋರಸು. ನಾನೂ ಕಲೀತೇನಿ."

ತಿಳವಳ್ಳಿಯವಳು ಎಲೆಗಳನ್ನು ಕೈಗೆ ತೆಗೆದುಕೊಂಡಳು. ರೊಟ್ಟಿ ಮಡಿಸುವ ಹಾಗೆ ಒಂದರ ಮೇಲೊಂದು ಇಟ್ಟು ಮಡಿಸಿದಳು. ಒಂದು ಎಲೆ ಪಟ್ಟನೆ ಸೀಳಿತು. ಎರಡನೆಯದೂ ಸೀಳಿತು.

"ಏ, ಹಂಗಲ್ಲ..." ಎಂದ ಸವಣೂರಿನವನು.

ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. ಎಲೆ ತೋಟದಲ್ಲಿ ಹುಟ್ಟಿದವನ ಎದುರಿಗೆ ಎಲೆ ಸೀಳಿದರೆ ಅಡುಗೆಯವಳ ಎದುರಿಗೆ ಹಾಲು ಉಕ್ಕಿಸಿದಂತೆ. ಮುಂದೆ ಸರಿದು ಅವಳ ಕೈಯಿಂದ ಎಲೆ ತೆಗೆದುಕೊಂಡ. ತೊಟ್ಟುಗಳೆಲ್ಲ ಒಂದೇ ಕಡೆ, ಹೊಳೆಯುವ ಮೈ ಒಳಗೆ, ಬೆನ್ನು ಹೊರಗೆ. ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿ ಒರೆಸಿ, ಅಂಚಿಗೆ ಅಂಚು ಕೂಡಿಸಿ, ಒದ್ದೆ ಬಟ್ಟೆಯ ಮೂಲೆಯನ್ನು ಒಳಕ್ಕೆ ತಿರುವಿ ಸುತ್ತಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಡಬ್ಬಿಯಲ್ಲಿ ಇದ್ದಂಥದ್ದೇ ಪೊಟ್ಟಣ ತಯಾರಾಯಿತು. ಅದನ್ನು ಅವನು ಆ ತಾಯಿಗೆ ಕೊಡಲು ಕೈ ಚಾಚಿದ ಮೇಲೆ ಅವನಿಗೇ ತಾನೇನು ಮಾಡಿದೆ ಎಂದು ತಿಳಿಯಿತು. ಚಾಚಿದ ಕೈ ಹಾಗೆಯೇ ನಿಂತಿತು.

ತಾಯಿ ಆ ಕೈಯನ್ನು ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಅವನು ಅವ್ವನನ್ನು ನೋಡುತ್ತಿರಲಿಲ್ಲ, ಆ ಕೈಯನ್ನೇ ನೋಡುತ್ತಿದ್ದ, ಯಾರಾದರೂ ಅದನ್ನು ಹೊಡೆದುಬಿಡುತ್ತಾರೇನೋ ಎಂಬಂತೆ.

ಸದಾ ಜೋಕು ಸಿಡಿಸುವ ಸವಣೂರಿನವನು ಪೊಟ್ಟಣವನ್ನು ಮೆಲ್ಲಗೆ ಜಮಖಾನೆಯ ಮೇಲೆ ಇಟ್ಟ.

"ಉಣ್ರಿ," ಎಂದಳು ತಾಯಿ. "ರೊಟ್ಟಿ ಆರ್ತಾವ." ಡಬ್ಬಿ ಮುಚ್ಚಿಕೊಂಡು ಎದ್ದಳು. ಪೊಟ್ಟಣವನ್ನು ಮುಟ್ಟಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಗೆ ಹೋದೆ. ಹೈವೇ ದಾಟುವಾಗ ನನ್ನ ಮೊಣಕೈ ಹಿಡಿದುಕೊಂಡಳು. ನನಗೆ ಆಸರೆಯಾಗಲೆಂದೋ ತನಗೋ ತಿಳಿಯಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಬಾಯಿ ಬಿಟ್ಟಳು.

"ಅಕ್ಕೋರ, ನಾ ಜಗಳಾ ಮಾಡಾಕ ಬಂದೇನಿ ಅಂತ ತಿಳಕೊಂಡಿದ್ರಿ, ಹೌದಲ್ರಿ?"

"ಹೌದು," ಎಂದೆ.

"ಮೊದಲನೇ ದಿನದ ಎಲಿ ನಾ ತಿನಲಿಲ್ರಿ. ದೇವರ ಮುಂದ ಇಟ್ಟೆ. ಒಂದು ಹೆಣ್ಣು ಐತೆವ್ವಾ, ನನ್ನ ಮಗಗೂ ಒಂದು ಹೆಣ್ಣು ಐತಿ ಅಂತ. ಯಾವ ಮನ್ಯಾಕೀನ ಆಗ್ಲಿ, ಯಾವ ಜಾತ್ಯಾಕೀನ ಆಗ್ಲಿ, ಆಕಿ ಅಪ್ಪನ ಕಾಲು ಹಿಡದು ತರತಿದ್ದೆ. ಆ ತಿಳವಳ್ಳಿ ಹುಡುಗೀನ ನೋಡಿ ಮನಸಿನ್ಯಾಗ ಆಗ್ಲೆ ಸೀರಿ ಉಡಿಸಿ ನಿಲ್ಲಿಸಿದ್ದೆ, ಗೊತ್ತೈತೇನ್ರಿ?" ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಂವ ಸಣ್ಣಾಂವ ಇದ್ದಾಗಿಂದ ನಾ ನೋಡಾಕತ್ತೇನ್ರಿ. ನನಗ ಗೊತ್ತಿಲ್ಲಂತಲ್ಲ. ಗೊತ್ತಿಲ್ಲದಂಗ ಇದ್ದೆ."

"ಅವರಪ್ಪಗ ಏನ್ ಹೇಳ್ತೀರಿ?" ಎಂದಷ್ಟೇ ಕೇಳಿದೆ.

ಅವಳು ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. "ಎಲಿ ಯಾರು ಕೊಟ್ರು ಅಂತ ಕೇಳಿದ್ರ, ಅಲ್ಲಿ ಒಬ್ಬ ಮುದಕಿ ಅಕ್ಕೋರು ಅದಾರ, ಅವರು ಕೊಡ್ತಾರ ಅಂತ ಹೇಳ್ತೇನಿ. ನಂಬಿದ್ರ ನಂಬಿದ, ಇಲ್ಲಂದ್ರ ಇಲ್ಲ." ಬಸ್ಸು ಬಂತು. ಹತ್ತುವಾಗ ತಿರುಗಿ ನೋಡಲಿಲ್ಲ. ಅವಳ ಕೈಯಲ್ಲಿದ್ದ ಡಬ್ಬಿ ಖಾಲಿ ಇತ್ತು.

ಅದು ನನಗೆ ಬೇರೆಲ್ಲದಕ್ಕಿಂತ ಹೆಚ್ಚು ಕಾಡಿತು. ಖಾಲಿ ಡಬ್ಬಿ ಒಯ್ದವಳು ನಾಳೆ ಡಬ್ಬಿ ತುಂಬಿ ಕಳಿಸುತ್ತಾಳೆಯೇ? ಇಲ್ಲ, ಬುತ್ತಿಯ ಬದಲು ಅಪ್ಪನೇ ಬಸ್ಸಿಳಿಯುತ್ತಾನೆಯೇ? ಬೆಂಚಿನ ಮೇಲೆ ಕೂತು ಹೇಳುವುದು ಬೇರೆ, ಮನೆಯಲ್ಲಿ ಗಂಡನ ಎದುರು ನಿಲ್ಲುವುದು ಬೇರೆ. ನಾನು ಅವಳ ಮಾತನ್ನು ನಂಬಲಿಲ್ಲ. ನಂಬಿದ್ದರೆ ನನ್ನ ಸ್ವಭಾವಕ್ಕೇ ಅವಮಾನ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಅವರು ಮೂವರೂ ಇದ್ದರು. ಹಿರೇಕೆರೂರಿನವನು ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದ. ಒಂದು ಜೊತೆ ಬಟ್ಟೆಯನ್ನೂ ತುಂಬಿಕೊಂಡು ಬಂದಿದ್ದಾನೆ ಎಂದು ಅದರ ಉಬ್ಬು ನೋಡಿದರೆ ತಿಳಿಯುತ್ತಿತ್ತು. ಅಪ್ಪ ಇಳಿದರೆ ಅವನ ಹಿಂದೆ ಊರಿಗೆ ಹೋಗಬೇಕಲ್ಲ. ಸವಣೂರಿನವನು ಅವನಿಂದ ಸ್ವಲ್ಪ ದೂರ, ತಿಳವಳ್ಳಿಯವಳು ಇಬ್ಬರ ನಡುವೆ. ನಾನು ಹಾಲಿನ ಪ್ಯಾಕೆಟ್ಟಿಗೆ ಬಂದವಳಂತೆ ನಿಂತೆ.

ಬಸ್ಸು ಬಂತು. ಇಳಿಯುವವರೆಲ್ಲ ಇಳಿದರು. ಅಪ್ಪ ಇಳಿಯಲಿಲ್ಲ.

"ಏ ಹಿರೇಕೆರೂರ ಬುತ್ತಿ! ಹಿಡಿಯೋ ತಮ್ಮಾ, ಕೈ ಸೋತು ಬಂತು," ಎಂದು ಕಂಡಕ್ಟರ್ ಡಬ್ಬಿ ಇಳಿಸಿದ. "ಏನು, ನಿಮ್ಮವ್ವ ಮದಿವಿ ಊಟಾನ ಕಳಿಸ್ಯಾಳೇನು?"

ಮಧ್ಯಾಹ್ನ ಜಮಖಾನೆಯ ಮೇಲೆ ಬಿಚ್ಚಿದೆವು. ಎಂದಿಗಿಂತ ದುಪ್ಪಟ್ಟು ರೊಟ್ಟಿ, ಬದನೆಕಾಯಿ ಎಣಗಾಯಿ, ಮೊಸರು. ಎಲ್ಲದರ ಮೇಲೆ ಒಂದು ಸಣ್ಣ ಕಾಗದದ ಪೊಟ್ಟಣ. ಅದರಲ್ಲಿ ಸಣ್ಣಗೆ ಕತ್ತರಿಸಿದ ಅಡಿಕೆ.

ಎಲೆ ಹೋದಲ್ಲಿಂದ ಅಡಿಕೆ ಬಂದಿತ್ತು. ತಿಳವಳ್ಳಿಯವಳು ನಕ್ಕಳು, ಹಿರೇಕೆರೂರಿನವನು ಅತ್ತ. ಸವಣೂರಿನವನು ಎರಡೂ ಮಾಡದೆ ಒಂದು ಅಡಿಕೆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತ. ನಾನು ಮಾತ್ರ ಆ ಅಡಿಕೆಯನ್ನು ಹಾಲಿನವನ ಕೈ ನೋಡುವ ಹಾಗೆ ನೋಡಿದೆ. ಇದು ಒಪ್ಪಿಗೆಯೋ? ಇಲ್ಲ, ಅಡಿಕೆ ಕಳಿಸಿದರೆ ಎಲೆ ಮತ್ತೆ ಬರುತ್ತದೆಯೋ ಇಲ್ಲವೋ ಎಂದು ನೋಡುವ ಉಪಾಯವೋ? ಡಬ್ಬಿ ತೆರೆಯುವಾಗ ಪಕ್ಕದಲ್ಲಿ ಗಂಡ ನಿಂತಿರುತ್ತಾನೋ?

ಊಟವಾಯಿತು, ಡಬ್ಬಿ ತೊಳೆದರು. ಸವಣೂರಿನವನು ಜೇಬಿನಿಂದ ಪೊಟ್ಟಣ ತೆಗೆದ. ತೆಗೆದು, ನನ್ನ ಮುಖ ನೋಡಿದ.

"ಇಡೂದೋ ಬ್ಯಾಡೋ ಮೇಡಮ್ಮಾರ?"

ಇಡಬೇಡ ಎಂದರೆ ಆ ತಾಯಿಯ ಅಡಿಕೆಗೆ ಉತ್ತರವಿಲ್ಲ. ಇಡು ಎಂದರೆ, ಅಪ್ಪನ ಕಣ್ಣಿಗೆ ಬಿದ್ದ ದಿನ ಅವಳು ಸುಳ್ಳು ಹೇಳಬೇಕು, ಸುಳ್ಳು ಹೇಳುವವರ ಮುಖ ಹೇಗಿರುತ್ತದೆಂದು ಗಂಡಂದಿರಿಗೆ ಗೊತ್ತಿರುತ್ತದೆ.

"ನನ್ನ ಕೈಯಾಗ ಕೊಡು," ಎಂದೆ.

ಅವನು ಕೊಟ್ಟ. ನಾನೇ ಡಬ್ಬಿಯಲ್ಲಿ ಇಟ್ಟೆ, ನಾನೇ ಮುಚ್ಚಳ ಹಾಕಿದೆ, ನಾನೇ ಸ್ಟ್ಯಾಂಡಿಗೆ ಹೋಗಿ ಬಸ್ಸಿಗೆ ಕೊಟ್ಟು ಬಂದೆ. ಮುದುಕಿ ಅಕ್ಕೋರು ಕೊಡುತ್ತಾರೆ ಎಂದು ಅವಳು ಹೇಳಿದರೆ ಅದರಲ್ಲಿ ಎಳ್ಳಷ್ಟೂ ಸುಳ್ಳಿರಬಾರದು. ಇಬ್ಬರ ಜೊತೆ ಮೂರನೆಯವಳಾಗಿ ನಡೆಯುವುದು ನನಗೆ ಹೊಸದಲ್ಲ. ಈ ಸಲ ಕಿವಿ ನೆಟ್ಟಗೆ ಮಾಡುವ ಕೆಲಸವಿರಲಿಲ್ಲ, ಅಷ್ಟೆ.

ಪರೀಕ್ಷೆ ಮುಗಿಯುವವರೆಗೂ ಹೀಗೇ ನಡೆಯಿತು. ಮುಂಜಾನೆ ಅಡಿಕೆ ಬರುತ್ತಿತ್ತು, ಮಧ್ಯಾಹ್ನ ಎಲೆ ಹೋಗುತ್ತಿತ್ತು. ಹಿರೇಕೆರೂರಿನವನು ಎಲ್ಲ ಪೇಪರೂ ಬರೆದ. ಅಪ್ಪನಿಗೆ ಎಷ್ಟು ಗೊತ್ತಾಯಿತು, ತಾಯಿ ಎಷ್ಟು ಹೇಳಿದಳು, ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲ ಮೇಲೆ ಬರೆದವರು ಯಾರೆಂದೂ ಗೊತ್ತಿಲ್ಲ. ಕಾರಿಡಾರಿನಲ್ಲಿ ಚಾಕ್‌ಪೀಸು ಹಿಡಿದವರ ಬೆರಳು ನೋಡುವುದನ್ನು ನಾನು ಬಿಟ್ಟಿಲ್ಲ. ತಿಳವಳ್ಳಿಯವಳನ್ನು ಮಾತ್ರ ಏನೂ ಕೇಳಿಲ್ಲ. ಅವಳದೇ ನಿಯಮ.

ಬಸ್ಸಿನ ಕಂಡಕ್ಟರನಿಗೂ ಬರಬರುತ್ತ ನನ್ನ ಮೇಲೆ ಅನುಮಾನ ಶುರುವಾಗಿತ್ತು. ಒಂದು ದಿನ ಡಬ್ಬಿ ಇಸಿದುಕೊಳ್ಳುತ್ತ, ಮೂಗಿಗೆ ಹಿಡಿದು ವಾಸನೆ ನೋಡಿ, ಕಣ್ಣು ಸಣ್ಣ ಮಾಡಿ ಕೇಳಿಯೇಬಿಟ್ಟ.

"ಏನ್ರಿ ಅಕ್ಕೋರ, ದಿನಾ ಹಿರೇಕೆರೂರಿಗೆ ಎಲಿ ಕಳಸಾಕತ್ತೀರಿ. ಯಾರ ಮದಿವಿ ಮಾತು ನಡದೈತ್ರಿ?"

"ಯಾರದೂ ಇಲ್ಲಪಾ," ಎಂದೆ. "ಖಾಲಿ ಡಬ್ಬಿ ಕಳಿಸಬಾರದು ಅಂತ."